ಉದ್ದ ಮೀಸೆಯ ದುಂಬಿ: ಮೈ ಓದೋದು ಕಲಿತರೆ ಮರ ಉಳಿಸಬಹುದು



ಮಾವು, ಹಲಸು, ಅಂಜೂರ, ಕಾಫಿ ಬೆಳೆಯುವವರಿಗೆ ಕಾಂಡ ಕೊರೆಯುವ ಹುಳದ ಕಾಟ ಹೊಸದಲ್ಲ. ಆದರೆ ಹೆಚ್ಚಿನವರು ಹುಳವನ್ನು ನೋಡೋದು ಮರ ಒಣಗಿದ ಮೇಲೆ. ಈ ವಾರದ ಪಾಠ ಔಷಧಿಯದ್ದಲ್ಲ, ದೇಹ ರಚನೆಯದ್ದು. ದುಂಬಿಯ ಮೈಯಲ್ಲಿ ಯಾವ ಭಾಗ ಎಲ್ಲಿದೆ, ಅದು ಅಲ್ಲೇ ಯಾಕಿದೆ ಅಂತ ಗೊತ್ತಾದರೆ, ಅದು ಮರಕ್ಕೆ ಹೇಗೆ ನುಗ್ಗುತ್ತೆ, ನಾವು ಎಲ್ಲಿ ತಡೀಬಹುದು ಅನ್ನೋದೂ ಗೊತ್ತಾಗುತ್ತೆ.

ಇದನ್ನು ಕಲಿಯೋಕೆ ಈಚೆಗೆ ಸಿಕ್ಕ ಒಂದು ಹೊಸ ದುಂಬಿಯಿಂದ ಶುರು ಮಾಡೋಣ.

ಹಕ್ಕಿ ಹಿಕ್ಕೆ ಅಂದುಕೊಂಡಿದ್ದು ಹೊಸ ದುಂಬಿ ಆಯ್ತು

2021ರ ಡಿಸೆಂಬರ್. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಲ್ಯಾಮಿಂಗ್ಟನ್ ರಾಷ್ಟ್ರೀಯ ಉದ್ಯಾನದ ಹತ್ತಿರ, ಬಿನ್ನಾ ಬುರ್ರಾ ಅನ್ನೋ ಜಾಗದಲ್ಲಿ ಟೆಂಟ್ ಹಾಕಿದ್ದ ಜೇಮ್ಸ್ ಟ್ವೀಡ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ಎಲೆಯ ಮೇಲೆ ಬಿಳಿ ಬಿಳಿಯಾಗಿ ಏನೋ ಕಂಡಿತು. ಮೊದಲು ಹಕ್ಕಿ ಹಿಕ್ಕೆ ಅಂದುಕೊಂಡರಂತೆ. ಹತ್ತಿರ ಹೋಗಿ ನೋಡಿದರೆ ಮೈ ತುಂಬಾ ಉದ್ದ ಬಿಳಿ ಕೂದಲಿರುವ, 9.7 ಮಿಲಿಮೀಟರ್ ಉದ್ದದ ಒಂದು ದುಂಬಿ.

ಕ್ಯಾನ್‌ಬೆರಾದಲ್ಲಿರುವ ಆಸ್ಟ್ರೇಲಿಯಾದ ರಾಷ್ಟ್ರೀಯ ಕೀಟ ಸಂಗ್ರಹದ ತಜ್ಞರ ಜೊತೆ ಕೂತು ಹೋಲಿಸಿ ನೋಡಿದಾಗ, ಅದು ಗೊತ್ತಿರುವ ಯಾವ ಕುಲಕ್ಕೂ ಹೊಂದಲಿಲ್ಲ. ಹಾಗಾಗಿ 2024ರಲ್ಲಿ ಹೊಸ ಕುಲವನ್ನೇ ಮಾಡಿ ಎಕ್ಸ್‌ಕಾಸ್ಟ್ರಾ ಆಲ್ಬೊಪೈಲೋಸಾ ಅಂತ ಹೆಸರಿಟ್ಟರು. ಮೊದಲ ಪದಕ್ಕೆ ಲ್ಯಾಟಿನ್‌ನಲ್ಲಿ ‘ಶಿಬಿರದಿಂದ ಬಂದದ್ದು’ ಅಂತ ಅರ್ಥ, ಎರಡನೆಯದಕ್ಕೆ ‘ಬಿಳಿ ಕೂದಲಿನದು’ ಅಂತ. ಅವರ ಕೈಯಲ್ಲಿದ್ದದ್ದು ಒಂದೇ ಒಂದು ಹುಳ. ಆ ಒಂದೇ ಹುಳದ ತಲೆ, ಮೀಸೆ, ಎದೆ, ರೆಕ್ಕೆ, ಕಾಲು ಎಲ್ಲವನ್ನೂ ಅಳೆದು ಬರೆದಿಟ್ಟರು. ಮುಂದೆ ಯಾರಿಗೆ ಎಲ್ಲಿ ಇಂಥದ್ದು ಸಿಕ್ಕರೂ ಅದರ ಜೊತೆಗೇ ಹೋಲಿಸಬೇಕು.

ಆ ಕೂದಲು ಯಾಕೆ? ಶಿಲೀಂಧ್ರ ಹತ್ತಿ ಸತ್ತ ಹುಳದ ಹಾಗೆ ಕಾಣಿಸಿದರೆ ಹಕ್ಕಿಗಳು ತಿನ್ನಲಿಕ್ಕಿಲ್ಲ ಅನ್ನೋದು ಸಂಶೋಧಕರ ಊಹೆ. ಸಾವಯವ ಕೃಷಿ ಮಾಡುವ ನಮಗೆ ಈ ಚಿತ್ರ ಹೊಸದಲ್ಲ. ನಾವು ಬ್ಯೂವೇರಿಯಾ ಸಿಂಪಡಿಸಿದ ಮೇಲೆ ಸತ್ತ ಹುಳದ ಮೈಮೇಲೆ ಸುಣ್ಣ ಹಚ್ಚಿದ ಹಾಗೆ ಬಿಳಿ ಬೂಸ್ಟು ಬರುತ್ತಲ್ಲ, ಹೆಚ್ಚುಕಡಿಮೆ ಅದೇ ವೇಷ.

ಈ ದುಂಬಿಯಿಂದ ಕೃಷಿಗೆ ತೊಂದರೆ ಇದೆ ಅಂತ ಯಾರೂ ಹೇಳಿಲ್ಲ. ಆದರೆ ಇದು ಸೆರಾಂಬಿಸಿಡೇ ಕುಟುಂಬದ, ಲಾಮಿನೇ ಅನ್ನೋ ಉಪಕುಟುಂಬದ ದುಂಬಿ. ನಮ್ಮ ಮಾವಿನ ಕಾಂಡ ಕೊರೆಯುವ ಬ್ಯಾಟೊಸೆರಾ ರೂಫೊಮ್ಯಾಕುಲೇಟಾ ಕೂಡ ಅದೇ ಉಪಕುಟುಂಬದ್ದು. ಅಂದ್ರೆ ದಾಯಾದಿಗಳು. ಹೊಸ ದುಂಬಿಯನ್ನು ಯಾವ ಯಾವ ಭಾಗ ನೋಡಿ ಗುರುತಿಸುತ್ತಾರೋ, ನಮ್ಮ ತೋಟದ ದುಂಬಿಯನ್ನೂ ಅದೇ ಭಾಗಗಳಿಂದ ಗುರುತಿಸಬಹುದು. ಒಂದೊಂದಾಗಿ ನೋಡೋಣ.

1. ಮೀಸೆ

ಪಠ್ಯಪುಸ್ತಕದಲ್ಲಿ ಕುಡಿಮೀಸೆ ಅಂತಾರೆ. ಸಾಮಾನ್ಯವಾಗಿ 11 ಗಂಟುಗಳಿರುತ್ತವೆ. ಬುಡದ ಗಂಟು ದಪ್ಪ, ಎರಡನೆಯದು ಉಂಗುರದಷ್ಟು ಚಿಕ್ಕದು, ಮೂರನೆಯದರಿಂದ ಉದ್ದ ಶುರು. ಗಂಡಿನ ಮೀಸೆ ಹೆಣ್ಣಿನದಕ್ಕಿಂತ ಉದ್ದ. ವಾಸನೆ ಹಿಡಿಯೋದು, ಜೊತೆ ಹುಡುಕೋದು, ಮೊಟ್ಟೆ ಇಡೋಕೆ ಸರಿಯಾದ ಮರ ಗುರುತಿಸೋದು ಎಲ್ಲಾ ಈ ಮೀಸೆಯ ಕೆಲಸ.

ಇಲ್ಲೊಂದು ಎಚ್ಚರಿಕೆ. ಮೀಸೆ ಉದ್ದ ಇಲ್ಲ ಅಂದ ಮಾತ್ರಕ್ಕೆ ಈ ಕುಟುಂಬದ್ದಲ್ಲ ಅಂತ ಬಿಡಬೇಡಿ. ಅರೇಬಿಕಾ ಕಾಫಿಯ ಬಿಳಿ ಕಾಂಡಕೊರಕ, ಅಂದ್ರೆ ಕ್ಸೈಲೋಟ್ರೀಕಸ್ ಕ್ವಾಡ್ರಿಪೆಸ್, ಇದೇ ಕುಟುಂಬದ್ದು. ಆದರೂ ಅದರ ಮೀಸೆ ಮೈಗಿಂತ ಬಹಳ ಗಿಡ್ಡ.

ತೆಂಗಿನ ಕುರುವಾಯಿ ದುಂಬಿ ಇದಲ್ಲ. ಅದರ ತಲೆಯ ಮೇಲೆ ಇರೋದು ಕೊಂಬು, ಮೀಸೆ ಬೇರೆ. ಅದರ ಮೀಸೆ ಚಿಕ್ಕದು, ತುದಿಯಲ್ಲಿ ಪುಸ್ತಕದ ಹಾಳೆ ಜೋಡಿಸಿದಂತೆ ಇರುತ್ತೆ.

2. ಕಣ್ಣು

ಲೆನ್ಸ್ ಹಾಕಿ ಅಥವಾ ಫೋನಿನಲ್ಲಿ ಜೂಮ್ ಮಾಡಿ ನೋಡಿ. ಹೆಚ್ಚಿನ ಉದ್ದ ಮೀಸೆ ದುಂಬಿಗಳ ಕಣ್ಣು ಗುಂಡಗಿರಲ್ಲ, ಗೋಡಂಬಿ ಬೀಜದ ಹಾಗೆ ಬಾಗಿರುತ್ತೆ. ಆ ಬಾಗಿನ ಒಳಗೆ ಮೀಸೆಯ ಬುಡ ಕೂತಿರುತ್ತೆ. ಮೀಸೆಯ ಉದ್ದಕ್ಕಿಂತ ಇದು ಹೆಚ್ಚು ನಂಬಬಹುದಾದ ಗುರುತು.

3. ಮುಖ ಮತ್ತು ದವಡೆ

ರೈತನಿಗೆ ಬಹಳ ಉಪಯೋಗಕ್ಕೆ ಬರುವ ಭಾಗ ಇದು. ಲಾಮಿನೇ ದುಂಬಿಗಳ ಮುಖ ಗೋಡೆಯ ಹಾಗೆ ನೇರವಾಗಿ ಕೆಳಕ್ಕೆ ಇಳಿದಿರುತ್ತೆ, ಬಾಯಿ ನೆಲದ ಕಡೆ ಇರುತ್ತೆ. ತೊಗಟೆ ಮೇಲೆ ಕೂತರೆ ದವಡೆ ಸೀದಾ ತೊಗಟೆಗೇ ತಾಗುತ್ತೆ. ಹಾಗಾಗಿ ಮಾವಿನ ದುಂಬಿಯ ಹೆಣ್ಣು ಮೊದಲು ತೊಗಟೆಯನ್ನು ಕಚ್ಚಿ ಸೀಳು ಮಾಡಿ, ಅದರೊಳಗೆ ಮೊಟ್ಟೆ ಇಡುತ್ತೆ.

ಕಾಫಿಯ ದುಂಬಿ ಬೇರೆ ಉಪಕುಟುಂಬದ್ದು. ಅದರ ಮುಖ ಮುಂದಕ್ಕೆ ಓರೆಯಾಗಿ ಚಾಚಿರುತ್ತೆ. ಅದು ಸೀಳು ಮಾಡಲ್ಲ. ಹೊಟ್ಟೆಯ ತುದಿಯಲ್ಲಿರುವ ಮೊಟ್ಟೆ ಇಡುವ ಕೊಳವೆಯನ್ನು ಚಾಚಿ, ಮೊದಲೇ ಇರುವ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತೆ.

ಈಗ ಯೋಚನೆ ಮಾಡಿ. ಕಾಫಿ ಗಿಡದ ಕಾಂಡವನ್ನು ತೆಂಗಿನ ನಾರಿನಿಂದ ಉಜ್ಜಿ ಸಡಿಲ ತೊಗಟೆ ತೆಗೀರಿ ಅಂತ ಯಾಕೆ ಹೇಳ್ತಾರೆ? ಬಿರುಕು ಇಲ್ಲದಿದ್ದರೆ ಮೊಟ್ಟೆಗೆ ಜಾಗ ಇಲ್ಲ. ಇದೇ ಉಪಾಯ ಮಾವಿನಲ್ಲಿ ಅಷ್ಟು ಕೆಲಸ ಮಾಡಲ್ಲ, ಯಾಕಂದ್ರೆ ಆ ದುಂಬಿ ತನ್ನ ಬಿರುಕನ್ನು ತಾನೇ ಮಾಡಿಕೊಳ್ಳುತ್ತೆ. ಒಂದು ಬೆಳೆಯ ಸಲಹೆಯನ್ನು ಇನ್ನೊಂದಕ್ಕೆ ಹಾಗೇ ಹಚ್ಚಬಾರದು ಅನ್ನೋದಕ್ಕೆ ಕಾರಣ ಹುಳದ ಮುಖದಲ್ಲೇ ಇದೆ.

4. ಎದೆ

ತಲೆಯ ಹಿಂದಿನ ಭಾಗ. ಮಾವಿನ ದುಂಬಿಯ ಎದೆಯ ಎರಡೂ ಪಕ್ಕದಲ್ಲಿ ಒಂದೊಂದು ಚೂಪು ಮುಳ್ಳು, ಮೇಲ್ಭಾಗದಲ್ಲಿ ಕೆಂಪು ಅಥವಾ ಕಿತ್ತಳೆ ಬಣ್ಣದ ಎರಡು ಮಚ್ಚೆ. ರೂಫೊಮ್ಯಾಕುಲೇಟಾ ಅಂದ್ರೇನೇ ‘ಕೆಂಪು ಮಚ್ಚೆಯದು’. ದುಂಬಿಯನ್ನು ಕೈಯಲ್ಲಿ ಹಿಡಿದಾಗ ಕಿರ್ ಕಿರ್ ಅನ್ನುತ್ತಲ್ಲ, ಅದು ಬಾಯಿಯಿಂದ ಬರುವ ಸದ್ದಲ್ಲ. ಮುಂದಿನ ಎದೆಯ ಅಂಚನ್ನು ಹಿಂದಿನ ಗೆರೆಗೆರೆ ತಟ್ಟೆಗೆ ಉಜ್ಜಿ ಮಾಡುವ ಸದ್ದು. ಹೆದರಬೇಡಿ, ವಿಷ ಇಲ್ಲ. ಆದರೆ ದವಡೆಗೆ ಬೆರಳು ಕೊಡಬೇಡಿ.

5. ರೆಕ್ಕೆ

ಮೇಲಿನ ಜೋಡಿ ಗಟ್ಟಿ ಚಿಪ್ಪು, ಕೆಳಗಿನ ಜೋಡಿ ತೆಳು ಪೊರೆ. ಹಾರೋದು ಕೆಳಗಿನದರಿಂದ. ಚಿಪ್ಪಿನ ಬಣ್ಣ, ಗುಳಿ, ಕೂದಲು, ಪಟ್ಟೆ ಜಾತಿಯಿಂದ ಜಾತಿಗೆ ಬೇರೆ. ಕಾಫಿ ದುಂಬಿಯದ್ದು ಕಪ್ಪು ಮೈಮೇಲೆ ಬಿಳಿ ಪಟ್ಟೆ. ಮಾವಿನದ್ದು ಬೂದು ಕಂದು, 4–5 ಸೆಂಟಿಮೀಟರ್ ಉದ್ದ. ಹಳೇ ದುಂಬಿಯ ಕೂದಲು ಉದುರಿ ಬಣ್ಣ ಬದಲಾದಂತೆ ಕಾಣಬಹುದು, ಹಾಗಾಗಿ ಬಣ್ಣ ಒಂದನ್ನೇ ನಂಬಬೇಡಿ.

6. ಕಾಲು

ಪಾದದಲ್ಲಿ ನಾಲ್ಕು ಗಂಟು ಇದ್ದಂತೆ ಕಾಣುತ್ತೆ, ಆದರೆ ನಿಜವಾಗಿ ಇರೋದು ಐದು. ಮೂರನೆಯ ಗಂಟು ಎರಡು ಸೀಳಾಗಿ ಅಗಲವಾಗಿದ್ದು, ನಾಲ್ಕನೆಯ ಪುಟ್ಟ ಗಂಟು ಅದರೊಳಗೆ ಅಡಗಿರುತ್ತೆ. ಲಾಮಿನೇ ದುಂಬಿಗಳ ಮುಂಗಾಲಿನ ಒಳಬದಿಯಲ್ಲಿ ಒಂದು ಗಾಡಿ ಇರುತ್ತೆ. ಮೀಸೆಯನ್ನು ಅದರಲ್ಲಿ ಎಳೆದು ಸ್ವಚ್ಛ ಮಾಡಿಕೊಳ್ಳುತ್ತೆ.

ನಿಜವಾದ ಕಳ್ಳ ಮರಿಹುಳು

ದೊಡ್ಡ ದುಂಬಿ ಎಳೆ ರೆಂಬೆಯ ತೊಗಟೆ ಕೆರೆದು ತಿನ್ನುತ್ತೆ, ಅಷ್ಟೇ. ಮರ ಕೊಲ್ಲೋದು ಮರಿಹುಳು. ಹಾಲುಬಿಳಿ ಅಥವಾ ಹಳದಿ ಮಿಶ್ರಿತ ಬಿಳಿ ಮೈ, ಗಟ್ಟಿ ಕಂದು ದವಡೆ. ತಲೆಯ ಅರ್ಧ ಭಾಗ ಎದೆಯೊಳಗೆ ಹೂತುಕೊಂಡಿರುತ್ತೆ. ಕಾಲು ಇಲ್ಲ ಅನ್ನುವಷ್ಟು ಚಿಕ್ಕದು ಅಥವಾ ಇಲ್ಲವೇ ಇಲ್ಲ. ಹಾಗಾದರೆ ಸುರಂಗದಲ್ಲಿ ನಡೆಯೋದು ಹೇಗೆ? ಬೆನ್ನಿನ ಮೇಲೂ ಹೊಟ್ಟೆಯ ಕೆಳಗೂ ಉಬ್ಬಿದ ದಿಂಬಿನಂಥ ಭಾಗಗಳಿವೆ. ಅವನ್ನು ಸುರಂಗದ ಗೋಡೆಗೆ ಒತ್ತಿ ಹಿಡಿದು ಮುಂದೆ ಸರಿಯುತ್ತೆ, ನಾವು ಬಾವಿಯ ಎರಡೂ ಗೋಡೆಗೆ ಕಾಲು ಕೊಟ್ಟು ಹತ್ತುವ ಹಾಗೆ.

ಹೋದ ಮಳೆಗಾಲದಲ್ಲಿ ಪಕ್ಕದ ತೋಟದ ಅಣ್ಣ ಒಂದು ಫೋಟೊ ಕಳಿಸಿ, “ತಮ್ಮಾ, ಇದು ಗೊಣ್ಣೆ ಹುಳ ತಾನೆ? ಬೇರಿಗೆ ಔಷಧಿ ತರೋಕೆ ಹೊರಟಿದ್ದೀನಿ” ಅಂದರು. “ಅಣ್ಣಾ, ನೆಲದ ಮೇಲೆ ಬಿಟ್ಟು ನೋಡಿ, ಸುರುಳಿ ಸುತ್ತುತ್ತಾ? ಕಾಲು ಎಷ್ಟಿವೆ?” ಅಂತ ಕೇಳಿದೆ. “ಕಾಲೇ ಕಾಣ್ತಿಲ್ಲ, ಕಡ್ಡಿ ಥರ ಉದ್ದಕ್ಕೆ ಮಲಗಿದೆ” ಅಂದರು. ಅಲ್ಲಿಗೆ ಉತ್ತರ ಸಿಕ್ಕಿತು. ಗೊಣ್ಣೆ ಹುಳಕ್ಕೆ ಎದೆಯ ಹತ್ತಿರ ಮೂರು ಜೊತೆ ಕಾಲು ಚೆನ್ನಾಗಿ ಕಾಣುತ್ತವೆ, ಮೈ ಅರ್ಧಚಂದ್ರದ ಹಾಗೆ ಬಾಗಿರುತ್ತೆ. ಇದು ಕಾಂಡದ ಹುಳ. ಬೇರಿಗೆ ಎಷ್ಟು ಔಷಧಿ ಸುರಿದರೂ ಕಾಂಡದೊಳಗಿನ ಹುಳಕ್ಕೆ ಮುಟ್ಟುತ್ತಿರಲಿಲ್ಲ. ದುಡ್ಡಿಗಿಂತ ಹೆಚ್ಚಾಗಿ ದಿನಗಳು ಹೋಗುತ್ತಿದ್ದವು. ಅಷ್ಟರಲ್ಲಿ ಫಲ ಬಿಡುವ ಮಾವಿನ ಮರ ಹೋದರೆ ಅದನ್ನು ಮತ್ತೆ ಬೆಳೆಸೋಕೆ ಎಷ್ಟು ವರ್ಷ ಬೇಕು ಅಂತ ನಿಮಗೇ ಗೊತ್ತು.

ಹೊರಗಿನಿಂದ ಪತ್ತೆ ಹೇಗೆ?

ಮಾವಿನಲ್ಲಿ ಮರಿಹುಳು ಒರಟು ಪುಡಿಯನ್ನೂ ಹಿಕ್ಕೆಯನ್ನೂ ರಂಧ್ರದಿಂದ ಹೊರಗೆ ತಳ್ಳುತ್ತೆ. ಬುಡದಲ್ಲಿ ಹಸಿ ಮರದ ಪುಡಿ, ಕಾಂಡದಲ್ಲಿ ರಸ ಸೋರಿದ ಗುರುತು ಕಂಡರೆ ಒಳಗೆ ಜೀವಂತ ಹುಳ ಇದೆ. ಕಾಫಿಯಲ್ಲಿ ಹಾಗಲ್ಲ. ಅಲ್ಲಿ ಮರಿಹುಳು ಪುಡಿಯನ್ನು ಸುರಂಗದೊಳಗೇ ಗಟ್ಟಿಯಾಗಿ ತುಂಬಿಕೊಳ್ಳುತ್ತೆ, ಹೊರಗೆ ಏನೂ ಬೀಳಲ್ಲ. ಕಾಂಡದ ಮೇಲೆ ಉಬ್ಬಿದ ಏಣು, ಹಳದಿಯಾಗಿ ಬಾಡಿದ ಎಲೆ ಇವೇ ಸುಳಿವು. ಕೈಯಲ್ಲಿ ಸವರಿ ನೋಡಬೇಕು.

ಈಗ ಮಾಡಬೇಕಾದ ಕೆಲಸ

ಮಾವು, ಹಲಸಿಗೆ ನಾನು ಮಾಡೋದು ಇಷ್ಟು:

- ಹಸಿ ಪುಡಿ ಇರುವ ರಂಧ್ರ ಹುಡುಕಿ, ಚಾಕುವಿನಿಂದ ಬಾಯಿ ಮಾತ್ರ ಬಿಡಿಸಿ.
- ತುದಿ ಬಗ್ಗಿಸಿದ ಬೈಕಿನ ಬ್ರೇಕ್ ವಯರ್ ಅಥವಾ ಬಗ್ಗುವ ತಂತಿ ನಿಧಾನಕ್ಕೆ ತೂರಿಸಿ. ಮೆತ್ತಗೆ ತಾಗಿದರೆ ತಿರುಗಿಸಿ ಎಳೆಯಿರಿ. ತುದಿ ಒದ್ದೆಯಾಗಿ ಬಂದರೆ ಹುಳಕ್ಕೆ ತಗುಲಿದೆ.
- ಜೇಡಿಮಣ್ಣು ಮತ್ತು ಸಗಣಿ ಕಲಸಿ ರಂಧ್ರ ಮುಚ್ಚಿ. ಬುಡದ ಹಳೇ ಪುಡಿ ಗುಡಿಸಿಬಿಡಿ.
- ಒಂದು ವಾರ ಬಿಟ್ಟು ನೋಡಿ. ಮತ್ತೆ ಹೊಸ ಪುಡಿ ಬಿದ್ದರೆ ಹುಳ ಉಳಿದಿದೆ, ಮತ್ತೆ ಮಾಡಿ.
- ಪೂರ್ತಿ ಒಣಗಿದ, ಹುಳ ಹೊಕ್ಕ ಕೊಂಬೆ ಕಡಿದು ಸುಟ್ಟುಬಿಡಿ. ಸೌದೆ ಅಂತ ತೋಟದಲ್ಲೇ ಒಟ್ಟಿದರೆ ಅದರೊಳಗಿಂದಲೇ ದುಂಬಿ ಹೊರಬರುತ್ತೆ.

ಅರೇಬಿಕಾ ಕಾಫಿಯಲ್ಲಿ ದುಂಬಿ ಹಾರುವ ಕಾಲ ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್. ಅದಕ್ಕಿಂತ ಮೊದಲೇ ಹುಳ ಹೊಕ್ಕ ಗಿಡ ಗುರುತಿಸಿ ಬುಡಸಮೇತ ಕಿತ್ತು ಸುಡಬೇಕು, ಕಾಂಡ ಉಜ್ಜಬೇಕು. ಈ ದುಂಬಿಗೆ ಬಿಸಿಲು ಇಷ್ಟ, ಹಾಗಾಗಿ ನೆರಳು ಚೆನ್ನಾಗಿ ಉಳಿಸಿಕೊಳ್ಳಿ.

ಫೋಟೊ ಹೀಗೆ ತೆಗೆಯಿರಿ

“ಇದು ಯಾವ ಹುಳ?” ಅಂತ ಮಸುಕು ಫೋಟೊ ಒಂದನ್ನೇ ಕಳಿಸಿದರೆ ಯಾರೂ ಸರಿಯಾಗಿ ಹೇಳೋಕಾಗಲ್ಲ. ದುಂಬಿಯನ್ನು ಡಬ್ಬಿಯಲ್ಲಿ ಹಾಕಿ ಹತ್ತು ನಿಮಿಷ ಫ್ರಿಜ್‌ನಲ್ಲಿಟ್ಟರೆ ಓಡಾಡೋದು ಕಡಿಮೆಯಾಗುತ್ತೆ. ಆಮೇಲೆ ಬಿಳಿ ಹಾಳೆ ಮೇಲೆ, ಪಕ್ಕದಲ್ಲಿ ಸ್ಕೇಲ್ ಇಟ್ಟು, ನೆರಳಿನ ಬೆಳಕಲ್ಲಿ ಐದು ಫೋಟೊ:

1. ಮೇಲಿನಿಂದ, ಎರಡೂ ಮೀಸೆ ಪೂರ್ತಿ ಕಾಣುವಂತೆ
2. ಪಕ್ಕದಿಂದ, ಮುಖ ನೇರವೋ ಓರೆಯೋ ತಿಳಿಯುವಂತೆ
3. ಎದುರಿನಿಂದ, ಕಣ್ಣು ಮತ್ತು ಮೀಸೆಯ ಬುಡ
4. ಹೊಟ್ಟೆಯ ಕಡೆಯಿಂದ
5. ಒಂದು ಪಾದ, ಜೂಮ್ ಮಾಡಿ

ಜೊತೆಗೆ ಊರು, ತಾರೀಕು, ಯಾವ ಮರದಲ್ಲಿ ಸಿಕ್ಕಿತು ಅಂತ ಬರೆಯಿರಿ. ಸತ್ತ ದುಂಬಿ ಸಿಕ್ಕರೆ ಎಸೆಯಬೇಡಿ, ಒಣ ಡಬ್ಬಿಯಲ್ಲಿ ಹತ್ತಿಯ ಮೇಲಿಡಿ. ಮರಿಹುಳುವನ್ನಾದರೆ ಮೊದಲು ಕುದಿಯುವಂಥ ನೀರಿನಲ್ಲಿ ಒಂದು ನಿಮಿಷ ಅದ್ದಿ, ಆಮೇಲೆ ಆಲ್ಕೋಹಾಲ್‌ಗೆ ಹಾಕಿ, ಇಲ್ಲದಿದ್ದರೆ ಕಪ್ಪಾಗುತ್ತೆ. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಡಿ. ಅಲ್ಲೂ ಗೊತ್ತಾಗದಿದ್ದರೆ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊದಲ್ಲಿ ಕೀಟ ಗುರುತಿಸುವ ತಜ್ಞರಿದ್ದಾರೆ.

ಕಂಡದ್ದನ್ನೆಲ್ಲ ಕೊಲ್ಲಬೇಡಿ

ಜಗತ್ತಿನಲ್ಲಿ 35,000ಕ್ಕೂ ಹೆಚ್ಚು ಜಾತಿಯ ಉದ್ದ ಮೀಸೆ ದುಂಬಿಗಳಿವೆ. ಅದರಲ್ಲಿ ಬೆಳೆಗೆ ಕೈ ಹಾಕುವವು ಕೆಲವೇ. ಬಹಳಷ್ಟು ಸತ್ತ ಮರವನ್ನೇ ತಿಂದು ಮಣ್ಣಿಗೆ ಸೇರಿಸುವ ಕೆಲಸ ಮಾಡುತ್ತವೆ. ಸಾವಯವ ತೋಟ ಮಾಡೋ ನಮಗೆ ಅವೂ ಕೂಲಿ ಕೇಳದ ಆಳುಗಳೇ. ಕೆಂಪು ಮಚ್ಚೆ, ಪಕ್ಕದ ಮುಳ್ಳು ಕಂಡರೆ ಹಿಡಿಯಿರಿ. ಗುರುತು ಸಿಗದ್ದು ಕಂಡರೆ ಮೊದಲು ಫೋಟೊ, ಆಮೇಲೆ ತೀರ್ಮಾನ.

ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಂಡು ಪ್ರತಿ ಮಾವಿನ ಮರದ ಬುಡ ಸುತ್ತಿ ಬನ್ನಿ. ಹಸಿ ಪುಡಿ ಕಂಡ ಮರಕ್ಕೆ ಒಂದು ಬಣ್ಣದ ದಾರ ಕಟ್ಟಿ. ತಂತಿ ಹಿಡಿದು ಶುರು ಮಾಡಬೇಕಾದ್ದು ಆ ಮರದಿಂದಲೇ.