ಎರಡು ಡಬ್ಬಿಗಳ ನಡುವೆ ಒಂದೇ ಬೋಗಿ

ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ನೆನಪುಗಳ ಲೇಖನಗಳಿಗೆ ಕೊರತೆಯಿರಲಾರದು. ವಿಜ್ಞಾನದ ಅಧ್ಯಾಪಕನಾದ ನಾನು ಒಂದು ಪಾಠವನ್ನೇ ಬರೆದುಕೊಡುವುದು ಉಚಿತವೆಂದು ಭಾವಿಸಿದ್ದೇನೆ. ಭಾರ ಹಂಚಿಕೆಯೆಂಬ ವಿಷಯವನ್ನು ತರಗತಿಯಲ್ಲಿ ಎತ್ತಿನ ಬಂಡಿಯ ಉದಾಹರಣೆಯಿಂದ ಆರಂಭಿಸುವುದು ನನ್ನ ರೂಢಿ. ಇಲ್ಲಿ ಅದನ್ನೇ ರೈಲುಗಾಡಿಯವರೆಗೆ ಒಯ್ಯುತ್ತೇನೆ.

ಮೊದಲು ಒಂದು ಮಾತಿನ ತೊಡಕನ್ನು ಬಿಡಿಸಬೇಕು. ನಾವು ಪ್ರಯಾಣಿಕರು ಕೂರುವ ಇಡೀ ಡಬ್ಬಿಯನ್ನೇ ‘ಬೋಗಿ’ ಎನ್ನುತ್ತೇವೆ. ಎಂಜಿನಿಯರರ ಭಾಷೆಯಲ್ಲಿ ಬೋಗಿಯೆಂದರೆ ಡಬ್ಬಿಯ ಅಡಿಯಲ್ಲಿ ತಿರುಗುಗೂಟದ ಮೇಲೆ ಅತ್ತಿತ್ತ ಹೊರಳುವ, ಸಾಮಾನ್ಯವಾಗಿ ಎರಡು ಅಚ್ಚು ನಾಲ್ಕು ಗಾಲಿಗಳುಳ್ಳ ಚೌಕಟ್ಟು. ಉದ್ದವಾದ ಡಬ್ಬಿ ತಿರುವಿನಲ್ಲಿ ಸರಾಗವಾಗಿ ಸಾಗುವುದು ಈ ಚೌಕಟ್ಟಿನಿಂದಲೇ. ಈ ಲೇಖನದಲ್ಲಿ ಬೋಗಿಯೆಂಬ ಪದಕ್ಕೆ ಈ ಎರಡನೆಯ ಅರ್ಥವನ್ನೇ ಇಟ್ಟುಕೊಳ್ಳಬೇಕೆಂದು ಓದುಗರಲ್ಲಿ ವಿನಂತಿ.

ಸಾಮಾನ್ಯ ಡಬ್ಬಿಗೆ ಎರಡು ಬೋಗಿಗಳು. ಹಾಗಾದರೆ ನಾಲ್ಕು ಡಬ್ಬಿಗಳಿಗೆ ಎಂಟು. ಇಂಗ್ಲೆಂಡಿನ ಗ್ರೇಟ್ ನಾರ್ದರ್ನ್ ರೈಲ್ವೆಯಲ್ಲಿ ಡಬ್ಬಿಗಳ ವಿಭಾಗದ ಮುಖ್ಯಸ್ಥನಾಗಿದ್ದ ನೈಜೆಲ್ ಗ್ರೆಸ್ಲಿ 1907ರಲ್ಲಿ ಬೇರೊಂದು ದಾರಿ ಹಿಡಿದನು. ಆರು ಗಾಲಿಗಳ ಹಳೆಯ ಡಬ್ಬಿಗಳು ಓಟದಲ್ಲಿ ಬಹಳ ಕುಲುಕುತ್ತಿದ್ದವು. ಅವುಗಳನ್ನು ಎಸೆಯದೆ, ಎರಡು ಡಬ್ಬಿಗಳ ಒಳತುದಿಗಳನ್ನು ಒಂದೇ ಬೋಗಿಯ ಮೇಲೆ ಕೂರಿಸಿ, ನಡುವೆ ಕೀಲು ಇಟ್ಟನು. ಇದೇ ಕೀಲುಗಾಡಿ. ಕುಲುಕಾಟ ತಗ್ಗಿತು, ಒಂದು ಬೋಗಿಯ ತೂಕವೂ ಖರ್ಚೂ ಉಳಿದವು. 1921ರಲ್ಲಿ ಲಂಡನ್–ಲೀಡ್ಸ್ ದಾರಿಗೆ ಐದು ಡಬ್ಬಿಗಳ ಸರಣಿಯೂ, 1924ರ ಹೊತ್ತಿಗೆ ಲಂಡನ್ನಿನ ಉಪನಗರಗಳಿಗೆ ನಾಲ್ಕು ಡಬ್ಬಿಗಳ ಸರಣಿಗಳೂ ಬಂದವು. ಈ ನಾಲ್ಕು ಡಬ್ಬಿಗಳಿಗೆ ಎಂಟರ ಬದಲು ಐದೇ ಬೋಗಿಗಳು. ಉಗಿಯಂತ್ರಕ್ಕೆ ಎಳೆಯಬೇಕಾದ ಭಾರ ಕಡಿಮೆಯಾದಷ್ಟೂ ಕಲ್ಲಿದ್ದಲು ಉಳಿಯುತ್ತದೆಯಷ್ಟೆ. 1935ರ ‘ಸಿಲ್ವರ್ ಜುಬಿಲಿ’ ಎಂಬ ವೇಗದ ಗಾಡಿಯೂ ಕೀಲು ಡಬ್ಬಿಗಳದೇ. ಬೆಳ್ಳಿ ಹಬ್ಬದ ಹೆಸರಿನ ಗಾಡಿಯನ್ನು ಚಿನ್ನದ ಹಬ್ಬದ ಸಂಚಿಕೆಯಲ್ಲಿ ನೆನೆಯುವುದಕ್ಕೆ ಯಾರ ಆಕ್ಷೇಪವೂ ಇರಲಾರದು.

ಇಷ್ಟು ಲಾಭವಿದ್ದ ಈ ಏರ್ಪಾಡು ನಮ್ಮ ಕಡೆಯ ಉಗಿಬಂಡಿಗಳ ಕಾಲದಲ್ಲಿ ಏಕೆ ರೂಢಿಯಾಗಲಿಲ್ಲ? ಇದೇ ಪಾಠದ ಮುಖ್ಯ ಪ್ರಶ್ನೆ. ಉತ್ತರಕ್ಕೆ ಒಂದು ಲೆಕ್ಕ ಮಾಡೋಣ. ಒಂದೊಂದು ಡಬ್ಬಿಯ ತೂಕ 20 ಟನ್ ಎಂದು ಭಾವಿಸಿ, ಬೋಗಿಗಳ ಸ್ವಂತ ತೂಕವನ್ನು ಬದಿಗಿಡಿ. ಸಾಮಾನ್ಯ ಡಬ್ಬಿಯಲ್ಲಿ ಬೋಗಿಗೆ 10 ಟನ್, ಅಚ್ಚಿಗೆ 5 ಟನ್. ಕೀಲುಗಾಡಿಯ ನಡುವಿನ ಬೋಗಿಯ ಮೇಲೆ ಈ ಡಬ್ಬಿಯ ಅರ್ಧ, ಆ ಡಬ್ಬಿಯ ಅರ್ಧ, ಒಟ್ಟು 20 ಟನ್. ಅಚ್ಚಿಗೆ 10 ಟನ್. ತುದಿಯ ಬೋಗಿಗಳಿಗೆ ಮಾತ್ರ ಹಳೆಯ ಭಾರವೇ. ಗಾಡಿಯ ಒಟ್ಟು ಭಾರ ಇಳಿದರೂ ಹಳಿಯ ಮೇಲೆ ಒತ್ತುವ ಒಂದೊಂದು ಅಚ್ಚಿನ ಭಾರ ಏರಿತು. ಮಳೆಗಾಲದಲ್ಲಿ ನಮ್ಮ ಎರೆಹೊಲಕ್ಕೆ ಬಂಡಿ ಹೊಡೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಗಾಲಿ ಹೂಳುವುದು ಬಂಡಿಯ ಒಟ್ಟು ತೂಕವೊಂದರಿಂದಲ್ಲ, ಆ ತೂಕ ಎಷ್ಟು ಗಾಲಿಗಳಿಗೆ ಹಂಚಿದೆ ಎಂಬುದರಿಂದ.

ಪಂಢರಪುರದ ಯಾತ್ರಿಕರನ್ನು ಹೊತ್ತ ಬಾರ್ಸಿ ಲೈಟ್ ರೈಲ್ವೆಯ ಕಥೆ ಇದಕ್ಕೆ ಒಳ್ಳೆಯ ಹೋಲಿಕೆ. 1897ರಲ್ಲಿ 2 ಅಡಿ 6 ಅಂಗುಲದ ಹಳಿಯ ಮೇಲೆ ಅದನ್ನು ಆರಂಭಿಸಿದ ಎವರಾರ್ಡ್ ಕಾಲ್ಥ್ರಾಪ್ ಎಂಜಿನ್ನಿನಿಂದ ಹಿಡಿದು ಸರಕಿನ ಡಬ್ಬಿಯವರೆಗೆ ಯಾವ ಅಚ್ಚಿನ ಮೇಲೂ 5 ಟನ್ನಿಗಿಂತ ಹೆಚ್ಚು ಭಾರ ಬೀಳಬಾರದೆಂಬ ನಿಯಮವಿಟ್ಟುಕೊಂಡಿದ್ದನು. ಹಗುರ ಹಳಿ, ಕಡಿಮೆ ಬಂಡವಾಳ, ಆದರೂ ದೊಡ್ಡ ಡಬ್ಬಿ. ಇದು ಅವನ ಗುರಿ. ಗ್ರೆಸ್ಲಿ ಗಾಲಿಗಳನ್ನು ಕಡಿಮೆ ಮಾಡಿ ಗೆದ್ದನು, ಕಾಲ್ಥ್ರಾಪ್ ಭಾರವನ್ನು ಗಾಲಿಗಳಿಗೆ ಸಮನಾಗಿ ಹಂಚಿ ಗೆದ್ದನು. ಬಡ ಪ್ರದೇಶದ ರೈಲಿಗೆ ಎರಡನೆಯವನ ಬುದ್ಧಿಯೇ ಹೆಚ್ಚು ಹೊಂದುತ್ತದೆಂದು ನನ್ನ ಅಭಿಪ್ರಾಯ.

ಇನ್ನೊಂದು ಕಾರಣ ಗುಂತಕಲ್ಲಿನಂತಹ ಜಂಕ್ಷನ್ನುಗಳಲ್ಲಿ ಕಾಣುತ್ತದೆ. ಮದರಾಸಿನ ಕಡೆಯಿಂದ ಆದವಾನಿಯ ಮೇಲೆ ಹೋಗುವ ಅಗಲ ಹಳಿ 1871ರಲ್ಲಿ ರಾಯಚೂರಿನಲ್ಲಿ ಮುಂಬಯಿಯ ಹಳಿಯನ್ನು ಕೂಡಿತು. ಬಳ್ಳಾರಿ, ಹೊಸಪೇಟೆ, ಗದಗಗಳ ಕಡೆಗೆ ಸದರನ್ ಮರಾಠಾ ರೈಲ್ವೆಯ ಮೀಟರ್ ಹಳಿ ಬಂತು. ಅದು ಅಗಲವಾದದ್ದು 1990ರ ದಶಕದಲ್ಲಿ. ಹೀಗೆ ದಾರಿಗಳು ಕವಲೊಡೆಯುವ ದೇಶದಲ್ಲಿ ಒಂದು ಡಬ್ಬಿಯನ್ನು ಇಲ್ಲಿ ಕಳಚಿ, ಅಲ್ಲಿ ಇನ್ನೊಂದು ಗಾಡಿಗೆ ಜೋಡಿಸುವುದು ನಿತ್ಯದ ಕೆಲಸ. ಕೀಲುಗಾಡಿಯಲ್ಲಿ ಅದು ಆಗದು. ಬೋಗಿಯನ್ನು ಹಂಚಿಕೊಂಡ ಡಬ್ಬಿಯನ್ನು ಕಳಚಿದರೆ ಅದರ ಒಂದು ತುದಿಗೆ ಆಧಾರವೇ ಇರುವುದಿಲ್ಲ. ಒಂದು ಡಬ್ಬಿಗೆ ರಿಪೇರಿ ಬಂದರೆ ಇಡೀ ಸರಣಿಯೇ ಕಾರ್ಖಾನೆಗೆ. (1953ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಕಳಚಿದಾಗ ಆಲೂರು, ಆದವಾನಿ, ರಾಯದುರ್ಗ ತಾಲ್ಲೂಕುಗಳು ಆಂಧ್ರದಲ್ಲಿ ಉಳಿದುದನ್ನು ಬಲ್ಲ ಹಿರಿಯರಿಗೆ ಈ ಮಾತು ಬೇರೆ ಅರ್ಥದಲ್ಲಿಯೂ ತಾಗೀತು. ಅದು ಸಮಾಜ ಪಾಠದ ಅಧ್ಯಾಪಕರ ವಿಷಯ.)

ಹಾಗೆಂದು ಕೀಲುಗಾಡಿ ಹಳೆಯ ಕಾಲದೊಡನೆ ಮುಗಿದುಹೋದ ಸಂಗತಿಯೇನಲ್ಲ. ಫ್ರಾನ್ಸಿನಲ್ಲಿ 1981ರಿಂದ ಓಡುತ್ತಿರುವ ಟಿ.ಜಿ.ವಿ. ವೇಗದ ಗಾಡಿಗಳ ಡಬ್ಬಿಗಳು ಬೋಗಿಗಳನ್ನು ಹಂಚಿಕೊಂಡಿವೆ. 1993ರ ಡಿಸೆಂಬರಿನಲ್ಲಿ ಅಂತಹ ಗಾಡಿಯೊಂದು ಗಂಟೆಗೆ ಸುಮಾರು 294 ಕಿಲೋಮೀಟರ್ ವೇಗದಲ್ಲಿ ಹಳಿ ತಪ್ಪಿದರೂ ಡಬ್ಬಿಗಳು ಮಡಚಿಕೊಳ್ಳದೆ, ಉರುಳದೆ ನೆಟ್ಟಗೆ ನಿಂತವು. ಕಳಚಲು ಬಾರದೆಂಬ ದೋಷವೇ ಅಲ್ಲಿ ರಕ್ಷಣೆಯಾಯಿತು. ಗ್ರೆಸ್ಲಿಯ ನಾಲ್ಕು ಡಬ್ಬಿಗಳ ಒಂದು ಸರಣಿಯನ್ನು ಇಂಗ್ಲೆಂಡಿನ ನಾರ್ತ್ ನಾರ್ಫಕ್ ರೈಲ್ವೆಯವರು ಕಾಪಾಡಿಕೊಂಡು ಬಂದಿದ್ದಾರೆ.

ನಮ್ಮ ಶಾಲೆಯ ಮಕ್ಕಳಿಗೆ ಒಂದು ಮನೆಪಾಠ. ಹಳೆಯ ವಿದ್ಯಾರ್ಥಿಗಳೂ ಮಾಡಬಹುದು. ಬಳ್ಳಾರಿಯಲ್ಲಿಯೋ ಆದವಾನಿಯಲ್ಲಿಯೋ ಗಾಡಿ ನಿಂತಾಗ ಒಂದು ಡಬ್ಬಿಯ ಒಂದು ಬದಿಯ ಗಾಲಿಗಳನ್ನು ಪ್ಲಾಟ್‌ಫಾರಂನಿಂದ ದೂರವಿದ್ದೇ ಎಣಿಸಿ ನೋಡಿ. ನಾಲ್ಕು ಕಾಣುತ್ತವೆ, ಒಟ್ಟು ಎಂಟು. ಅದೇ ಗಾಡಿಯ 12 ಡಬ್ಬಿಗಳನ್ನು ನಾಲ್ಕು ನಾಲ್ಕರಂತೆ ಕೀಲು ಹಾಕಿ ಮೂರು ಸರಣಿ ಮಾಡಿದರೆ ಎಷ್ಟು ಬೋಗಿ, ಎಷ್ಟು ಗಾಲಿ ಉಳಿಯುತ್ತವೆ? ಉತ್ತರ 9 ಬೋಗಿ, 36 ಗಾಲಿ. ಹೇಗೆಂಬುದನ್ನು ಮಾತ್ರ ನೀವೇ ಬಿಡಿಸಬೇಕು.