ಒಂದು ಜೆಟ್ಟು, ಒಂದು ಬೆಲ್ಟು

ಪುಟ್ಟಿ,

ವಿಮಾನದ ಮೇಂಟೆನೆನ್ಸ್ ಕೋರ್ಸಿಗೆ ನೀನು ಸೇರಿದ್ದನ್ನು ನಿನ್ನಮ್ಮ ಫೋನಿನಲ್ಲಿ ಹೇಳಿದ ರಾತ್ರಿ ನನಗೆ ಖುಷಿಗೆ ನಿದ್ದೆಯೇ ಹತ್ತಲಿಲ್ಲ. ಎಂಜಿನ್ ಆಯಿಲ್ ವಾಸನೆ ಮತ್ತೆ ನಮ್ಮ ಮನೆಗೆ ಬರುತ್ತಿದೆಯಲ್ಲ! ಅದಕ್ಕೇ ನಿನಗೊಂದು ಅಪಘಾತದ ಕತೆ ಬರೆಯುತ್ತಿದ್ದೇನೆ. ಹೆದರಿಸುವುದಕ್ಕಲ್ಲ, ಮಗೂ.

2015ರ ಮಾರ್ಚ್ 5, ಅಮೆರಿಕದ ಸಾಂಟಾ ಮೋನಿಕಾ. ಹಾಲಿವುಡ್ ನಟ ಹ್ಯಾರಿಸನ್ ಫೋರ್ಡ್ ಅವರಿಗೆ ಆಗ 72 ವರ್ಷ. ಎರಡನೇ ಮಹಾಯುದ್ಧದ ಕಾಲದ ರಯಾನ್ ಪಿಟಿ-22 ಎಂಬ ಪುಟ್ಟ ತರಬೇತಿ ವಿಮಾನದಲ್ಲಿ ಒಬ್ಬರೇ ಹೊರಟಿದ್ದರು. ಮೇಲೇರುತ್ತಿದ್ದಂತೆ ಎಂಜಿನ್ ಕೈಕೊಟ್ಟಿತು. ವಾಪಸ್ ಬಂದು ಇಳಿಯುತ್ತೇನೆಂದು ರೇಡಿಯೊದಲ್ಲಿ ಹೇಳಿ ತಿರುಗಿಸಿದರು. ರನ್‌ವೇ ಎಟುಕಲಿಲ್ಲ.

ಎಂಜಿನ್ ನಿಂತ ವಿಮಾನಕ್ಕೆ ಉಳಿದಿರುವ ಬಂಡವಾಳ ಎತ್ತರ ಮತ್ತು ವೇಗ, ಎರಡೇ. ಇನ್ನಷ್ಟು ದೂರ ಹೋಗಲೆಂದು ಮೂಗೆತ್ತಿದರೆ ವೇಗ ಕರಗಿ ರೆಕ್ಕೆಯ ಹಿಡಿತವೇ ತಪ್ಪುತ್ತದೆ. ಫೋರ್ಡ್ ಪಕ್ಕದ ಪೆನ್ಮಾರ್ ಗಾಲ್ಫ್ ಮೈದಾನಕ್ಕೆ ಇಳಿಸಲು ನೋಡಿದರು. ವಿಮಾನ ಮರದ ತುದಿಗೆ ಬಡಿದು ನೆಲಕ್ಕೆ ಬಿತ್ತು. ತೀವ್ರವಾಗಿ ಗಾಯಗೊಂಡರೂ ಜೀವ ಉಳಿಯಿತು.

ತನಿಖೆಯವರು ಎಂಜಿನ್ ಬಿಚ್ಚಿ ನೋಡಿದರೆ, ಕಾರ್ಬ್ಯುರೇಟರಿನ ಮೇನ್ ಜೆಟ್ ತಿರುಪು ಸಡಿಲಗೊಂಡು ತನ್ನ ಜಾಗದಿಂದ ಕಳಚಿಕೊಂಡಿತ್ತು. ಜೆಟ್ ಎಂದರೆ ನಡುವೆ ಸಣ್ಣ ತೂತಿರುವ ಹಿತ್ತಾಳೆ ಚೂರು. ಅಂಗೈಯಲ್ಲಿಟ್ಟರೆ ಭಾರವೇ ಗೊತ್ತಾಗುವುದಿಲ್ಲ. ಎಷ್ಟು ಪೆಟ್ರೋಲು ಒಳಗೆ ಹೋಗಬೇಕೆಂದು ಅಳೆಯುವುದು ಆ ತೂತು. ಅದು ಕಳಚಿದರೆ ಅಳತೆಯೇ ಇಲ್ಲ. ಗಾಳಿ ಕಡಿಮೆ, ಪೆಟ್ರೋಲು ಜಾಸ್ತಿ, ಎಂಜಿನ್ನಿಗೆ ಉಸಿರುಗಟ್ಟುತ್ತದೆ. ಆ ಕಾರ್ಬ್ಯುರೇಟರನ್ನು ಬಿಚ್ಚಿ ಹೊಸದಾಗಿ ಜೋಡಿಸಿ ಸುಮಾರು 17 ವರ್ಷವಾಗಿತ್ತು. ಆಮೇಲೆ ಜೆಟ್ ಬಿಗಿಯಾಗಿದೆಯೇ ಎಂದು ಆಗಾಗ ನೋಡಬೇಕೆಂಬ ಸೂಚನೆ ಎಲ್ಲೂ ಬರೆದಿರಲಿಲ್ಲ.

ನನ್ನನ್ನು ಇದಕ್ಕಿಂತ ಹೆಚ್ಚು ಕಾಡುವುದು ಭುಜದ ಬೆಲ್ಟಿನ ವಿಷಯ. ವಿಮಾನ ತಯಾರಾದಾಗ ಅದು ಇರಲಿಲ್ಲ, ಆಮೇಲೆ ಯಾರೋ ಹಾಕಿಸಿದ್ದು. ಒಳ್ಳೆಯ ಉದ್ದೇಶದಿಂದಲೇ ಹಾಕಿಸಿರಬೇಕು. ಆದರೆ ಸೀಟಿನ ಬೆನ್ನಿನ ತೆಳು ತಗಡಿಗೆ ಬಿಗಿದಿದ್ದರು, ಹಿಂದೆ ಆಸರೆಯ ಪಟ್ಟಿ ಕೊಟ್ಟಿರಲಿಲ್ಲ. ಬಿದ್ದ ರಭಸಕ್ಕೆ ತಗಡು ತಡೆಯಲಿಲ್ಲ. ಗಾಯ ಅದರಿಂದಲೂ ಹೆಚ್ಚಾಯಿತು. ಅರ್ಧ ಮಾಡಿದ ಕೆಲಸ ನೋಡುವವರ ಕಣ್ಣಿಗೆ ಪೂರ್ತಿ ಮಾಡಿದಂತೆಯೇ ಕಾಣುತ್ತದೆ, ಪುಟ್ಟಿ. ನಮ್ಮ ಕಸುಬಿನಲ್ಲಿ ನಾನು ಅತಿ ಹೆಚ್ಚು ಅಂಜಿದ್ದು ಇದಕ್ಕೇ.

ಮ್ಯಾನುಯಲ್‌ನಲ್ಲಿ ಬರೆದಿದ್ದನ್ನು ಒಂದಕ್ಷರ ಬಿಡದೆ ಮಾಡು. ಬರೆಯದೇ ಇದ್ದದ್ದು ಕಣ್ಣಿಗೆ ಬಿದ್ದರೆ ಸುಮ್ಮನಿರಬೇಡ. ಹಿರಿಯರನ್ನು ಕೇಳು, ಲಾಗ್‌ಬುಕ್ಕಿನಲ್ಲಿ ಬರೆದಿಡು. ‘ಇಷ್ಟು ದಿನ ಏನೂ ಆಗಿಲ್ಲವಲ್ಲ’ ಎಂದು ಯಾರಾದರೂ ಅಂದರೆ, ಆ ಜೆಟ್ಟೂ 17 ವರ್ಷ ಏನೂ ಆಗದೇ ಇತ್ತು ಅನ್ನು.

ದೀಪಾವಳಿಗೆ ತಪ್ಪದೆ ಬಾ. ತಿರುಪು ಸಡಿಲವಾಗದಂತೆ ತಂತಿ ಕಟ್ಟುವ ನನ್ನ ಲಾಕಿಂಗ್ ವೈರ್ ಇಕ್ಕಳಕ್ಕೆ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ ನಿನಗೆಂದು ಎತ್ತಿಟ್ಟಿದ್ದೇನೆ.

ಇಂತಿ,
ನಿನ್ನ ತಾತ