ಕುಂಚ ಮತ್ತು ಲೇಖನಿ

ರಷ್ಯದ ಮಹಾಕಾದಂಬರಿಕಾರ ಲಿಯೋ ಟಾಲ್‌ಸ್ಟಾಯ್ ತನ್ನ ಭಾವಚಿತ್ರವನ್ನು ಬರೆಯಿಸಿಕೊಳ್ಳಲು ಬಹುಕಾಲ ಒಪ್ಪಲಿಲ್ಲ. ನಾಡಿನ ಗಣ್ಯರ ಚಿತ್ರಗಳನ್ನು ಸಂಗ್ರಹಿಸುತ್ತಿದ್ದ ಮಾಸ್ಕೋದ ವರ್ತಕ ಪಾವೆಲ್ ಟ್ರೆಟ್ಯಕೋವ್ ಕೇಳಿಕೊಂಡರೂ ಫಲವಾಗಲಿಲ್ಲ. 1873ರಲ್ಲಿ ಇವಾನ್ ಕ್ರಾಮ್‌ಸ್ಕೋಯಿ ಎಂಬ ಚಿತ್ರಕಾರನು ಟಾಲ್‌ಸ್ಟಾಯ್‌ಯ ಊರಾದ ಯಾಸ್ನಾಯ ಪೊಲ್ಯಾನಕ್ಕೆ ಹೋಗಿ ತಾನೇ ಮಾತನಾಡಿದನು. ಇಂದಲ್ಲ ನಾಳೆ ಈ ಚಿತ್ರವನ್ನು ಯಾರಾದರೂ ಬರೆದೇ ತೀರುವರು. ಕಾಲ ಮೀರಿದ ಮೇಲೆ ಊಹಿಸಿ ಬರೆಯುವುದಕ್ಕಿಂತ ಕಣ್ಣಾರೆ ಕಂಡು ಬರೆಯುವುದೇ ಲೇಸು ಎಂಬುದು ಅವನ ವಾದ. ಮನೆಯವರಿಗೂ ಒಂದು ಚಿತ್ರವನ್ನು ಬರೆದುಕೊಡಬೇಕೆಂಬ ನಿಬಂಧನೆಯೊಡನೆ ಟಾಲ್‌ಸ್ಟಾಯ್ ಸಮ್ಮತಿಸಿದನು.

ಆಗ ಅವನಿಗೆ 45 ವರ್ಷ. ದೊಡ್ಡ ಜಮೀನ್ದಾರನಾದರೂ ಚಿತ್ರದಲ್ಲಿ ಅವನು ಸಾದಾ ನಿಲುವಂಗಿಯನ್ನು ತೊಟ್ಟು ಕುಳಿತಿದ್ದಾನೆ. ಹಿನ್ನೆಲೆ ಬರಿದು. ಕೈಯಲ್ಲಿ ಪುಸ್ತಕವಿಲ್ಲ, ಲೇಖನಿಯಿಲ್ಲ. ನೋಡುವವರನ್ನು ಒಳಹೊಕ್ಕು ಪರೀಕ್ಷಿಸುವ ಆ ಎರಡು ಕಣ್ಣುಗಳೇ ಚಿತ್ರದ ಸರ್ವಸ್ವ.

ಆ ಕಣ್ಣುಗಳು ಸುಮ್ಮನಿರಲಿಲ್ಲ. ಅದೇ ವರ್ಷ ಟಾಲ್‌ಸ್ಟಾಯ್ ‘ಅನ್ನಾ ಕರೆನಿನ’ವನ್ನು ಬರೆಯತೊಡಗಿದ್ದನು. ಆ ಕಾದಂಬರಿಯಲ್ಲಿ ಬರುವ ಮಿಖಾಯ್ಲೋವ್ ಎಂಬ ಚಿತ್ರಕಾರನಲ್ಲಿ ಕ್ರಾಮ್‌ಸ್ಕೋಯಿಯ ಛಾಯೆಯನ್ನು ವಿಮರ್ಶಕರು ಗುರುತಿಸಿದ್ದಾರೆ. ಅನ್ನಾಳ ಪ್ರಿಯನಾದ ವ್ರಾನ್‌ಸ್ಕಿಯೂ ಅವಳ ಚಿತ್ರವನ್ನು ಬರೆಯಲು ತೊಡಗಿರುತ್ತಾನೆ. ಆದರೆ ಅವಳ ವಿಶಿಷ್ಟ ಚೆಲುವು ಮೂಡುವುದು ಹೊರಗಿನವನಾದ ಮಿಖಾಯ್ಲೋವನ ಕುಂಚದಲ್ಲಿ. ಅದನ್ನು ಕಂಡ ವ್ರಾನ್‌ಸ್ಕಿ ತನ್ನ ಚಿತ್ರವನ್ನು ಅರ್ಧಕ್ಕೇ ಕೈಬಿಡುತ್ತಾನೆ.

ಹೀಗೆ ಒಬ್ಬನು ಬಣ್ಣದಲ್ಲಿ ಬರೆಯುತ್ತಿರಲು, ಎದುರಿಗೆ ಕುಳಿತವನು ಮನಸ್ಸಿನಲ್ಲಿಯೇ ಬರೆಯುತ್ತಿದ್ದಿರಬೇಕು. ಬಣ್ಣದ ಚಿತ್ರ ಮಾಸ್ಕೋದ ಟ್ರೆಟ್ಯಕೋವ್ ಚಿತ್ರಶಾಲೆಯಲ್ಲಿದೆ. ಅಕ್ಷರದ ಚಿತ್ರ ಪುಸ್ತಕವನ್ನು ತೆರೆದವರಿಗೆಲ್ಲ ದೊರೆಯುತ್ತದೆ. ಬಲ್ಲೆನೆಂಬ ಭ್ರಮೆಯನ್ನು ಬಿಟ್ಟು ನೋಡುವವನಿಗೆ ಮಾತ್ರ ಮನುಷ್ಯನ ಮುಖ ತೆರೆದುಕೊಳ್ಳುತ್ತದೆ.